ನಡುಗಿ ಮೈ ಕಾಯಿಸಿ ಹಾರುವ ಪತಂಗ

ಚಂದ್ರದ್ರೋಣ ಬೆಟ್ಟಸಾಲಿನ ಅತ್ತಿಗುಂಡಿಯಲ್ಲಿ ಹೂವಿನ ಘಮ ಎಂದರೆ ಮೊದಲು ನೆನಪಾಗುವುದು ಕಾಫಿ. ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಹೂವು ಮಲ್ಲಿಗೆಯನ್ನು ಎಷ್ಟು ಹೋಲುತ್ತದೆಂದರೆ, 1713ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಆಂತ್ವಾನ್ ದ ಜುಸ್ಯು ಕಾಫಿಯನ್ನೂ ಮಲ್ಲಿಗೆಯ ಕುಲಕ್ಕೇ ಸೇರಿಸಿ ‘ಜಾಸ್ಮಿನಮ್ ಅರಬಿಕಮ್’ ಎಂದು ಕರೆದ. ಲಿನೇಯಸ್ ಅದಕ್ಕೆ ಬೇರೆ ಕುಲ ಕಟ್ಟಿಕೊಟ್ಟದ್ದು ಆಮೇಲೆ.

ಆದರೆ ಕಾಫಿ, ಮಲ್ಲಿಗೆಗಳ ಅತಿಥಿಗಳು ಬೇರೆ ಬೇರೆ. ಕಾಫಿ ಹೂ ನಸುಕಿಗೆ ಅರಳಿ ತುಡುವೆ, ಹೆಜ್ಜೇನುಗಳನ್ನು ಕರೆಯುತ್ತದೆ. ಅಂಗಳದ ಚಪ್ಪರಕ್ಕೆ ಹಬ್ಬಿದ ಜಾಜಿ ಮಲ್ಲಿಗೆ ಬಿರಿಯುವುದು ಸಂಜೆಗೆ. ಕತ್ತಲಲ್ಲಿ ಬಣ್ಣಕ್ಕೆ ಬೆಲೆ ಕಡಿಮೆ. ಬಿಳುಪು ಮತ್ತು ವಾಸನೆಯೇ ದಾರಿ ತೋರಬೇಕು. ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮುಂತಾದ ಆವಿಗಳು ಗಾಳಿಗೆ ಸೇರುತ್ತವೆ. ಮಕರಂದವೋ ಎರಡು ಸೆಂಟಿಮೀಟರಿನಷ್ಟು ಉದ್ದದ ಸಪೂರ ಕೊಳವೆಯ ತಳದಲ್ಲಿದೆ. ಅಲ್ಲಿಗೆ ನಾಲಿಗೆ ಚಾಚಬಲ್ಲವರಲ್ಲಿ ಹಾಕ್‌ಮಾತ್ ಗುಂಪಿನ ಪತಂಗಗಳು ಮುಖ್ಯ. ನಮ್ಮ ದೇಶದಲ್ಲೂ ಇರುವ ಅಗ್ರಿಯಸ್ ಕನ್ವಾಲ್ವುಲಿ ಎಂಬ ಇಂಥ ಪತಂಗದ ನಾಲಿಗೆ ಅದರ ಮೈಗಿಂತ ಉದ್ದ. ಬಿಡುವಿದ್ದಾಗ ಅದು ತಲೆಯಡಿ ಸುರುಳಿ ಸುತ್ತಿಕೊಂಡಿರುತ್ತದೆ.

ಈ ಪತಂಗಗಳು ಹೂವಿನ ಮೇಲೆ ಕೂರದೆ, ಸೆಕೆಂಡಿಗೆ ಹತ್ತಾರು ಬಾರಿ ರೆಕ್ಕೆ ಬಡಿಯುತ್ತ ನಿಂತಲ್ಲೇ ಹಾರುತ್ತ ಹೀರುತ್ತವೆ. ಅದಕ್ಕೆ ಎದೆಯ ಸ್ನಾಯುಗಳು ಬಿಸಿಯಾಗಿರಬೇಕು. ಅತ್ತಿಗುಂಡಿಯ ಮಂಜು ಕವಿದ ರಾತ್ರಿಯಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಹಾರುವ ಮುನ್ನ ಪತಂಗ ಎಲೆಯ ಮೇಲೆ ನಿಂತು ರೆಕ್ಕೆಗಳನ್ನು ಗಡಗಡ ನಡುಗಿಸುತ್ತದೆ, ಚಳಿಗೆ ನಿಂತ ಜೀಪನ್ನು ಸ್ಟಾರ್ಟ್ ಮಾಡಿ ಎಂಜಿನ್ ಕಾಯಲು ಬಿಟ್ಟ ಹಾಗೆ. ಎದೆ 35 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜಿಗಿದು ಹಾರುತ್ತದೆ. ಎದೆಯನ್ನು ಮುಚ್ಚಿದ ದಟ್ಟ ತುಪ್ಪಳ ಆ ಶಾಖವನ್ನು ಹಿಡಿದಿಡುತ್ತದೆ. ತಣ್ಣನೆ ಬೆಟ್ಟದಲ್ಲಿ ಇಷ್ಟು ಪುಟ್ಟ ಜೀವ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದು ನನಗೆ ಇಂದಿಗೂ ದೊಡ್ಡ ಬೆರಗು.

ಜಾಜಿ ಬೆಳೆಸುವುದೇನೂ ಕಷ್ಟವಲ್ಲ. ಬಿಸಿಲು ಬೀಳುವ ಮೂಲೆ, ಮಳೆನೀರು ನಿಲ್ಲದ ಏರು ಪಾತಿ, ಹಬ್ಬಲು ತಂತಿ ಸಾಕು. ಹೂ ಬಿಡುವುದು ಹೊಸ ಚಿಗುರಲ್ಲಿ, ಆದ್ದರಿಂದ ಡಿಸೆಂಬರ್–ಜನವರಿಯಲ್ಲಿ ಸವರಬೇಕು. ಟೊಂಗೆ ನೆಟ್ಟೇ ಗಿಡ ಮಾಡುವುದರಿಂದ ತೋಟದ ಜಾಜಿಗೆ ಪತಂಗ ಬೇಕೇ ಬೇಕೆಂದಿಲ್ಲ. ಆದರೆ ಪತಂಗಕ್ಕೆ ಹೂ ಬೇಕು, ಕಾಡಿನ ಎಷ್ಟೋ ರಾತ್ರಿ ಹೂಗಳಿಗೆ ಪತಂಗ ಬೇಕು.

ಹಾಗಾಗಿ ಚಪ್ಪರದ ಮೇಲೆ ರಾತ್ರಿಯಿಡೀ ದೀಪ ಉರಿಸುವುದನ್ನು ಬಿಡಬೇಕು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀಪ ಹಚ್ಚಿದ ಕಡೆ ರಾತ್ರಿ ಕೀಟಗಳು ಹೂಗಳಿಗೆ ಬರುವುದು ಶೇ. 62ರಷ್ಟು ಕುಸಿದಿತ್ತು. ಎಲೆ ಕೊರೆದು ತಿನ್ನುವ, ಬಾಲಕ್ಕೊಂದು ಕೊಂಬಿರುವ ದಪ್ಪ ಹುಳು ಕಂಡರೂ ಔಷಧಿ ಹೊಡೆಯಬೇಡಿ. ಹಾಕ್‌ಮಾತ್‌ಗಳ ಕೆಲವು ಜಾತಿಗಳ ಇಂಥ ಹುಳುಗಳು ಮಲ್ಲಿಗೆಯ ಕುಲದ ಎಲೆಯನ್ನೇ ತಿಂದು ಬೆಳೆಯುತ್ತವೆ. ಒಂದೆರಡು ಹುಳು ತಿಂದ ಎಲೆಯನ್ನು ಬಳ್ಳಿ ಮತ್ತೆ ಚಿಗುರಿಸಿಕೊಳ್ಳುತ್ತದೆ. ಕೊಬ್ಬಿದ ಹುಳು ಕೆಳಗಿಳಿದು ಮಣ್ಣೊಳಗೆ ಕೋಶವಾಗುವುದರಿಂದ ಬುಡದ ಸುತ್ತ ಆಳವಾಗಿ ಅಗೆಯದಿದ್ದರೆ ಒಳ್ಳೆಯದು.