ಮಸೂರದಡಿಯಲ್ಲಿ ರೋಮಕೂಪ

ತಲೆ ಬಾಚುವಾಗ ರೂಪಾಯಿ ನಾಣ್ಯದಗಲದ ಬೋಳು ಜಾಗವೊಂದು ಬೆರಳಿಗೆ ಸಿಕ್ಕಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ‘ಹುಳ ತಿಂದಿದೆ’ ಎನ್ನುತ್ತಾರೆ ಮನೆಯ ಹಿರಿಯರು. ಈರುಳ್ಳಿ ರಸ, ಬಗೆಬಗೆಯ ತೈಲಗಳ ಪ್ರಯೋಗ ಆರಂಭವಾಗುತ್ತದೆ. ಆದರೆ ಬರಿಗಣ್ಣಿಗೆ ಒಂದೇ ಆಗಿ ತೋರುವ ಬೋಳಿನ ಹಿಂದೆ ಬೇರೆ ಬೇರೆ ವ್ಯಾಧಿಗಳಿರಬಹುದು. ಅವುಗಳ ಚಿಕಿತ್ಸೆಯೂ ಬೇರೆ ಬೇರೆ.

ಇವುಗಳನ್ನು ಗುರುತಿಸಲು ಚರ್ಮವೈದ್ಯರಿಗೆ ನೆರವಾಗುವುದು ಡರ್ಮೋಸ್ಕೋಪ್ ಎಂಬ ಕೈಯಳತೆಯ ಉಪಕರಣ. ತನ್ನದೇ ದೀಪವುಳ್ಳ ಈ ಮಸೂರವು ಚರ್ಮವನ್ನು ಸಾಮಾನ್ಯವಾಗಿ 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಇದರಿಂದ ನೋವಿಲ್ಲ, ಗಾಯವಿಲ್ಲ. ಕೂದಲು ಮತ್ತು ನೆತ್ತಿಯ ಇಂತಹ ಪರೀಕ್ಷೆಗೆ 2006ರಲ್ಲಿ ‘ಟ್ರೈಕೋಸ್ಕೋಪಿ’ ಎಂಬ ಹೆಸರು ಬಂದಿತು.

ವೈದ್ಯರು ಮುಖ್ಯವಾಗಿ ಗಮನಿಸುವುದು ಕೂದಲು ಹೊರಬರುವ ರೋಮಕೂಪದ ಬಾಯನ್ನು. ಅಲೋಪೀಸಿಯ ಏರಿಯೇಟ ಎಂಬ ವ್ಯಾಧಿಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ರೋಮಕೂಪದ ಮೇಲೆ ಎರಗುತ್ತದೆಯಾದರೂ ಅದರ ಬಾಯಿ ಉಳಿದಿರುತ್ತದೆ. ಹಳದಿ ಮತ್ತು ಕಪ್ಪು ಚುಕ್ಕೆಗಳೂ, ಬುಡದಲ್ಲಿ ಸಣ್ಣಗಾಗಿ ಆಶ್ಚರ್ಯಸೂಚಕ ಚಿಹ್ನೆಯನ್ನು ಹೋಲುವ ತುಂಡು ಕೂದಲುಗಳೂ ಕಾಣುತ್ತವೆ. ಇಲ್ಲಿ ಕೂದಲು ಮರಳಿ ಬೆಳೆಯುವ ಆಸೆಯುಂಟು. ಸಣ್ಣ ಬೋಳುಗಳಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಮಕ್ಕಳ ನೆತ್ತಿಗೆ ತಗಲುವ ಶಿಲೀಂಧ್ರ ಸೋಂಕಿನಲ್ಲಿ ಕೂದಲು ಅಲ್ಪವಿರಾಮದಂತೆ ಬಾಗಿರುತ್ತದೆ. ಇದಕ್ಕೆ ಮುಲಾಮು ಮಾತ್ರ ಸಾಲದು. ಕೆಲವು ವಾರ ಔಷಧಿ ಸೇವಿಸಬೇಕಾಗುತ್ತದೆ.

ಮೂರನೆಯದು ಲೈಕೆನ್ ಪ್ಲಾನೋಪೈಲಾರಿಸ್. ಉಳಿದ ಕೂದಲಿನ ಬುಡದ ಸುತ್ತ ಬಿಳಿಯ ಹೊಟ್ಟು ಕವಚದಂತೆ ಅಂಟಿರುತ್ತದೆ. ಬೋಳಾದ ಕಡೆ ರೋಮಕೂಪದ ಬಾಯಿಯೇ ಮಾಯವಾಗಿರುತ್ತದೆ. ಉರಿಯೂತದಿಂದ ರೋಮಕೂಪ ನಾಶವಾಗಿ ಅಲ್ಲಿ ಗಾಯದ ಕಲೆ ಉಳಿದಿರುವುದೇ ಕಾರಣ. ಹೋದ ಕೂದಲು ಮತ್ತೆ ಬಾರದು. ಚಿಕಿತ್ಸೆಯ ಗುರಿ ಉಳಿದುದನ್ನು ಕಾಪಾಡುವುದು. ತೈಲ ಬದಲಿಸುತ್ತ ಕಳೆದ ತಿಂಗಳುಗಳಿಗೆ ಇಲ್ಲಿ ತೆರಬೇಕಾದ ಬೆಲೆ ದೊಡ್ಡದು. ಸಂದೇಹವುಳಿದರೆ ಚರ್ಮದ ತುಣುಕನ್ನು ಎಲ್ಲಿಂದ ತೆಗೆದು ಪರೀಕ್ಷಿಸಬೇಕೆಂಬುದನ್ನೂ ಮಸೂರವೇ ಸೂಚಿಸುತ್ತದೆ.

ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲೂ ಇದು ಉಪಯುಕ್ತ. ಕನ್ನಡಿಯಲ್ಲಿ ಏನೂ ಕಾಣದಿರುವಾಗಲೇ ನೆಟ್ಟಗೆ ಮೂಡುವ ಎಳೆಗೂದಲು ಮಸೂರಕ್ಕೆ ಗೋಚರಿಸಬಹುದು. ಅಷ್ಟು ತಿಳಿದರೂ ರೋಗಿಗೆ ಧೈರ್ಯ ಬರುತ್ತದೆ.

ವಾಚಕರಲ್ಲಿ ಒಂದು ವಿನಂತಿ: ಪರೀಕ್ಷೆಗೆ ಹೋಗುವಾಗ ತಲೆಗೆ ಎಣ್ಣೆ, ಬಣ್ಣ ಹಚ್ಚಬೇಡಿ. ಬಣ್ಣದ ಕಣಗಳು ರೋಗದ ಚುಕ್ಕೆಗಳಂತೆ ತೋರಬಹುದು. ಹೋಗುವುದನ್ನಂತೂ ಮುಂದೂಡಬೇಡಿ.