ಜೋಡಿ ಸಿಕ್ಕಿದ ಕತೆ: ಒಂದೇ ಟಿಕೆಟ್ಟಿಗೆ ಎರಡು ಬಾಂಡ್

1963ರ ಮೇ ಕೊನೆಯಲ್ಲಿ ಜೇಮ್ಸ್ ಬಾಂಡ್ ಸರಣಿಯ ಮೊದಲ ಚಿತ್ರ 'ಡಾಕ್ಟರ್ ನೋ' ಲಾಸ್ ಏಂಜಲೀಸ್‌ಗೆ ಬಂದಾಗ ಅದನ್ನು ಒಂಟಿಯಾಗಿ ತೋರಿಸಲಿಲ್ಲ. 'ದಿ ಯಂಗ್ ಅಂಡ್ ದಿ ಬ್ರೇವ್' ಎಂಬ ಕೊರಿಯಾ ಯುದ್ಧದ ಚಿತ್ರದ ಜತೆ ಸೇರಿಸಿ, ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಅಂತ ಕೊಟ್ಟರು. ಹಿಂದಿನ ವರ್ಷ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ತೆರೆ ಕಂಡು ಗೆದ್ದಿದ್ದ ಚಿತ್ರ ಅದು. ಆದರೂ ಹಂಚಿಕೆ ಸಂಸ್ಥೆ ಯುನೈಟೆಡ್ ಆರ್ಟಿಸ್ಟ್ಸ್‌ಗೆ ಧೈರ್ಯ ಸಾಲಲಿಲ್ಲ. ಅಮೆರಿಕದವರಿಗೆ ಅಷ್ಟಾಗಿ ಗೊತ್ತಿಲ್ಲದ ನಾಯಕ, ಬ್ರಿಟಿಷ್ ಗೂಢಚಾರ, ಸುಮಾರು 10 ಲಕ್ಷ ಡಾಲರಿನ ಬಂಡವಾಳ. ನ್ಯೂಯಾರ್ಕಿನಲ್ಲಿ ಅದ್ದೂರಿಯಾಗಿ ಶುರುಮಾಡುವ ಬದಲು ಮಧ್ಯಪಶ್ಚಿಮ ಮತ್ತು ನೈಋತ್ಯ ರಾಜ್ಯಗಳ ಥಿಯೇಟರುಗಳಿಂದ ಬಿಡುಗಡೆ ಆರಂಭಿಸಿತ್ತು.

ಬಾಂಡ್ ಚಿತ್ರಗಳನ್ನು ಜೋಡಿಯಾಗಿ ನೋಡುವ ಸುಖ ಪತ್ತೆಯಾದದ್ದು ಇದಾದ ಎರಡು ವರ್ಷಕ್ಕೆ.

ಡಬಲ್ ಬಿಲ್ ಅನ್ನುವುದು ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಬೇರೂರಿದ ಪದ್ಧತಿ. ಕೈಯಲ್ಲಿ ಕಾಸಿಲ್ಲದ ಜನರನ್ನು ಥಿಯೇಟರಿಗೆ ಕರೆತರಲು ದೊಡ್ಡ ಚಿತ್ರದ ಜತೆ ಅಗ್ಗದ ಇನ್ನೊಂದು ಚಿತ್ರ ಸೇರಿಸುತ್ತಿದ್ದರು. ಎರಡಕ್ಕೂ ಏನಾದರೂ ನಂಟಿರಬೇಕೆಂಬ ನಿಯಮವೇನೂ ಇರಲಿಲ್ಲ. ಪ್ರೇಕ್ಷಕರಿಗೆ ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ ಅನ್ನಿಸಿದರೆ ಸಾಕಿತ್ತು.

1964ರ ಡಿಸೆಂಬರಿನಲ್ಲಿ 'ಗೋಲ್ಡ್‌ಫಿಂಗರ್' ಅಮೆರಿಕಕ್ಕೆ ಬಂತು. ನ್ಯೂಯಾರ್ಕಿನ ಡಿಮಿಲ್ ಥಿಯೇಟರಿನವರು ನೂಕುನುಗ್ಗಲು ತಾಳಲಾರದೆ ದಿನದ 24 ಗಂಟೆಯೂ ಆಟ ನಡೆಸಿದರು. 30 ಲಕ್ಷ ಡಾಲರಿನ ಬಂಡವಾಳ ಎರಡೇ ವಾರದಲ್ಲಿ ವಾಪಸು ಬಂತು. ಮೊದಲೆರಡು ಚಿತ್ರಗಳನ್ನು ಕಡೆಗಣಿಸಿದ್ದ ಜನ ಈಗ ಬಾಂಡ್ ಬೇಕು ಅನ್ನುತ್ತಿದ್ದರು, ಆದರೆ ಮುಂದಿನ 'ಥಂಡರ್‌ಬಾಲ್' ಬರಲು 1965ರ ಡಿಸೆಂಬರ್ ಆಗಬೇಕಿತ್ತು. ಆಗಿನ್ನೂ ವಿಡಿಯೊ ಕ್ಯಾಸೆಟ್ ಇಲ್ಲ; ಅಮೆರಿಕದ ಟೀವಿಯಲ್ಲಿ ಬಾಂಡ್ ಚಿತ್ರ ಮೊದಲು ಬಂದದ್ದೇ 1972ರಲ್ಲಿ. ಹಾಗಾಗಿ ಯುನೈಟೆಡ್ ಆರ್ಟಿಸ್ಟ್ಸ್ 1965ರಲ್ಲಿ 'ಡಾಕ್ಟರ್ ನೋ' ಮತ್ತು 'ಫ್ರಮ್ ರಷ್ಯಾ ವಿತ್ ಲವ್' ಎರಡನ್ನೂ ಸೇರಿಸಿ ಡಬಲ್ ಬಿಲ್ಲಾಗಿ ಮರುಬಿಡುಗಡೆ ಮಾಡಿತು.

ಲೆಕ್ಕಾಚಾರ ವ್ಯಾಪಾರದ್ದೇ ಇರಬಹುದು. ಆದರೆ ಆ ಪರದೆಯ ಮೇಲೆ ಮೂಡಿದ್ದು ಬೇರೆಯೇ.

ಒಂದೊಂದನ್ನೇ ವರ್ಷದ ಅಂತರದಲ್ಲಿ ನೋಡಿದವರ ಕಣ್ಣಿಗೆ ಬೀಳದ ಸಂಗತಿಗಳು ಜೋಡಿಯಲ್ಲಿ ಎದ್ದು ಕಾಣುತ್ತವೆ. 'ಡಾಕ್ಟರ್ ನೋ'ದ ಜೂಜಿನ ಕೋಣೆಯಲ್ಲಿ ಬಾಂಡ್‌ಗೆ ಸಿಲ್ವಿಯಾ ಟ್ರೆಂಚ್ ಪರಿಚಯವಾಗುತ್ತಾಳೆ. ಅವರಿಬ್ಬರ ಸಲ್ಲಾಪ ಕುದುರುವಷ್ಟರಲ್ಲಿ ಬಾಂಡ್ ಜಮೈಕಾಕ್ಕೆ ಹೊರಡಬೇಕು. ಎರಡನೇ ಚಿತ್ರದಲ್ಲಿ ನದಿ ದಂಡೆಯಲ್ಲಿ ಅದೇ ಸಿಲ್ವಿಯಾ, ಅದೇ ನಟಿ ಯೂನಿಸ್ ಗೇಸನ್; ಮತ್ತೆ ಕಚೇರಿಯ ಕರೆ, ಮತ್ತೆ ಅರ್ಧಕ್ಕೆ ನಿಂತ ಸರಸ. ಎರಡು ಗಂಟೆಯ ಹಿಂದಷ್ಟೇ ಮೊದಲನೆಯದನ್ನು ಕಂಡ ಪ್ರೇಕ್ಷಕ ಇಲ್ಲಿ ಬಾಯ್ತುಂಬ ನಗುತ್ತಾನೆ. ಮೊದಲ ಚಿತ್ರದಲ್ಲಿ 'ಸ್ಪೆಕ್ಟರ್' ಎಂಬ ಹೆಸರು ಮಾತಿನಲ್ಲಿ ಬಂದುಹೋಗುತ್ತದೆ. ಎರಡನೆಯದರಲ್ಲಿ ಅದೇ ಕೂಟ ಡಾಕ್ಟರ್ ನೋ ಸಾವಿಗೆ ಸೇಡು ತೀರಿಸಿಕೊಳ್ಳಲು ಬಾಂಡ್‌ಗೆ ಬಲೆ ಬೀಸುತ್ತದೆ. ಅಂದರೆ ಮಧ್ಯಾಹ್ನದ ಗೆಲುವಿಗೆ ಸಂಜೆ ಬೆಲೆ ತೆರಬೇಕಾಗುತ್ತದೆ.

ಕುತೂಹಲದ ವಿಷಯವೆಂದರೆ ಇಯಾನ್ ಫ್ಲೆಮಿಂಗ್ ಕಾದಂಬರಿಗಳಲ್ಲಿ ಈ ಕ್ರಮವೇ ತಿರುಗುಮುರುಗು. 'ಫ್ರಮ್ ರಷ್ಯಾ ವಿತ್ ಲವ್' ಪ್ರಕಟವಾದದ್ದು 1957ರಲ್ಲಿ, 'ಡಾಕ್ಟರ್ ನೋ' 1958ರಲ್ಲಿ. ಸೇಡಿನ ಎಳೆಯನ್ನು ನೇಯ್ದದ್ದು ಸಿನಿಮಾದವರೇ. ನಿರ್ದೇಶಕ ಟೆರೆನ್ಸ್ ಯಂಗ್, ಸಂಕಲನಕಾರ ಪೀಟರ್ ಹಂಟ್, ಛಾಯಾಗ್ರಾಹಕ ಟೆಡ್ ಮೂರ್ ಎರಡರಲ್ಲೂ ಇದ್ದಾರೆ. ಆದರೂ ಒಂದು ಇನ್ನೊಂದರ ನಕಲಲ್ಲ. ಮೊದಲನೆಯದು ಬಿಸಿಲು, ಕಡಲು, ಕೆನ್ ಆಡಮ್ ಕಟ್ಟಿದ ವಿಚಿತ್ರ ಕೋಣೆಗಳ ಚಿತ್ರ. ಎರಡನೆಯದು ಇಸ್ತಾಂಬುಲ್‌ನ ನೆಲಮಾಳಿಗೆ, ರೈಲಿನ ಇಕ್ಕಟ್ಟು, ಉಸಿರು ಬಿಗಿಹಿಡಿಸುವ ಹೊಡೆದಾಟ. ನಂಟೂ ಇದೆ, ರುಚಿ ಬದಲಾವಣೆಯೂ ಇದೆ. ಎರಡೂ ಸೇರಿ ನಾಲ್ಕು ಗಂಟೆ ದಾಟುವುದಿಲ್ಲ.

ಜೋಡಿ ಆರಿಸುವ ಸೂತ್ರ ನನಗೆ ದಕ್ಕಿದ್ದು ಇಲ್ಲಿ: ಅತ್ಯುತ್ತಮ ಎರಡು ಚಿತ್ರಗಳೇ ಒಳ್ಳೆಯ ಜೋಡಿ ಆಗಬೇಕೆಂದಿಲ್ಲ. ಎರಡನೆಯದು ಮೊದಲನೆಯದಕ್ಕೆ ಉತ್ತರ ಕೊಡಬೇಕು.

2021ರ 'ನೋ ಟೈಮ್ ಟು ಡೈ'ವರೆಗೆ ಇಯಾನ್ ಪ್ರೊಡಕ್ಷನ್ಸ್ ತೆಗೆದ ಬಾಂಡ್ ಚಿತ್ರಗಳು 25. ಅವುಗಳಲ್ಲಿ ಎರಡೆರಡು ಆರಿಸಿದರೆ 300 ಜೋಡಿಗಳಾಗುತ್ತವೆ. ಈ ಸೂತ್ರ ಹಿಡಿದು ಜರಡಿ ಆಡಿದರೆ ಉಳಿಯುವುದು ಕೆಲವೇ.

'ಯು ಓನ್ಲಿ ಲಿವ್ ಟ್ವೈಸ್' (1967) ಮತ್ತು 'ದಿ ಸ್ಪೈ ಹೂ ಲವ್ಡ್ ಮಿ' (1977) ನೋಡಿ. ಎರಡಕ್ಕೂ ಲೂಯಿಸ್ ಗಿಲ್ಬರ್ಟ್ ನಿರ್ದೇಶನ, ಕೆನ್ ಆಡಮ್ ಕಲೆ. ಒಂದರಲ್ಲಿ ಬಾಹ್ಯಾಕಾಶ ನೌಕೆಗಳನ್ನು ನುಂಗುತ್ತಾರೆ, ಇನ್ನೊಂದರಲ್ಲಿ ಜಲಾಂತರ್ಗಾಮಿಗಳನ್ನು. ಮೊದಲನೆಯದರ ಜ್ವಾಲಾಮುಖಿ ಸೆಟ್ಟೊಂದಕ್ಕೇ 'ಡಾಕ್ಟರ್ ನೋ' ಪೂರ್ತಿ ಚಿತ್ರಕ್ಕೆ ಆದಷ್ಟು ಖರ್ಚಾಯಿತು. ಕಲಾ ನಿರ್ದೇಶನ ಕಲಿಯುವವರಿಗೆ ಇದು ಹಬ್ಬ. ಉಳಿದವರಿಗೆ ಎರಡನೇ ಚಿತ್ರದ ನಡುವೆ ನೋಡಿದ್ದನ್ನೇ ನೋಡಿದಂತಾಗುತ್ತದೆ. ಬರೀ ಹೋಲಿಕೆ ಇದ್ದರೆ ಸಾಲದು.

'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' (1969) ಜತೆಗೆ 'ಫಾರ್ ಯುವರ್ ಐಸ್ ಓನ್ಲಿ' (1981) ಇಟ್ಟರೆ ಕತೆಯೇ ಬೇರೆ. ಮೊದಲನೆಯದು ಮುಗಿಯುವುದು ಮದುವೆಯ ದಿನವೇ ಬಾಂಡ್ ಹೆಂಡತಿ ಟ್ರೇಸಿಯ ಕೊಲೆಯೊಂದಿಗೆ. ಎರಡನೆಯದು ಶುರುವಾಗುವುದು ಆಕೆಯ ಸಮಾಧಿಯ ಮುಂದೆ. ನಟ ಜಾರ್ಜ್ ಲೇಜನ್‌ಬಿಯಿಂದ ರೋಜರ್ ಮೂರ್‌ಗೆ ಬದಲಾಗಿದ್ದರೂ ದುಃಖ ಬದಲಾಗಿಲ್ಲ. ಮೊದಲನೆಯದರ ಸಂಕಲನಕಾರ ಜಾನ್ ಗ್ಲೆನ್ ಎರಡನೆಯದರ ನಿರ್ದೇಶಕ. ಎರಡರ ಹಿಮಜಾರಾಟವನ್ನೂ ಕ್ಯಾಮೆರಾ ಹಿಡಿದು ಬೆನ್ನಟ್ಟಿದವರು ವಿಲಿ ಬೋಗ್ನರ್. 12 ವರ್ಷದ ಅಂತರವನ್ನು ಒಂದು ಚಹಾ ವಿರಾಮಕ್ಕೆ ಇಳಿಸುವ ಶಕ್ತಿ ಈ ಜೋಡಿಗಿದೆ.

ಬಾಂಡ್ ಅಲೆ ಕನ್ನಡಕ್ಕೂ ಬಡಿದಿತ್ತು. 1968ರಲ್ಲಿ ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999' ಎರಡನ್ನೂ ಒಂದೇ ವರ್ಷ ಕೊಟ್ಟಿತು. 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ನೋಡಬೇಕು. ಕಪ್ಪು ಬಿಳುಪಿನಿಂದ ಬಣ್ಣಕ್ಕೆ ಬಂದ ಹತ್ತು ವರ್ಷದ ಕನ್ನಡ ಚಿತ್ರರಂಗ ಅಣ್ಣಾವ್ರ ಒಂದೇ ಪಾತ್ರದ ಮೂಲಕ ಕಾಣಸಿಗುತ್ತದೆ.

ಸೂತ್ರದ ನಿಜವಾದ ಪರೀಕ್ಷೆ ಆಗುವುದು ಸೊರಗಿದ ಚಿತ್ರದ ಮೇಲೆ. 2008ರ 'ಕ್ವಾಂಟಮ್ ಆಫ್ ಸೊಲೇಸ್' ಹಾಲಿವುಡ್ ಬರಹಗಾರರ ಮುಷ್ಕರದ ನಡುವೆ ತಯಾರಾದದ್ದು. 106 ನಿಮಿಷಗಳ ಅದು ಸರಣಿಯಲ್ಲೇ ಅತಿ ಚಿಕ್ಕದು. ತಲೆಬುಡವಿಲ್ಲದ ಓಟ ಎಂಬ ಟೀಕೆ ಅದರ ಬೆನ್ನು ಬಿಟ್ಟಿಲ್ಲ. ಅದನ್ನು 'ಕ್ಯಾಸಿನೊ ರಾಯಲ್' (2006) ಮುಗಿದ ಕೂಡಲೇ ಹಾಕಿ ನೋಡಿ. ಕತೆ ಮುಂದುವರಿಯುವುದು ಹಿಂದಿನದು ನಿಂತ ಸ್ವಲ್ಪ ಹೊತ್ತಿನಿಂದಲೇ. ಬಾಂಡ್ ಪ್ರೇಯಸಿ ವೆಸ್ಪರ್ ಕೊಟ್ಟ ಪೆಟ್ಟು ಪ್ರೇಕ್ಷಕನ ಎದೆಯಲ್ಲೂ ಹಸಿಯಾಗಿರುವಾಗ ಆ ಓಟಕ್ಕೆ ಕಾರಣ ಸಿಗುತ್ತದೆ, ಬಾಂಡ್‌ನ ಮೌನಕ್ಕೆ ಅರ್ಥ ಸಿಗುತ್ತದೆ. ಒಂಟಿಯಾಗಿ ಎಡವಿದ ಚಿತ್ರ ಅಲ್ಲಿ ದೊಡ್ಡ ಕತೆಯ ಕೊನೆಯ ಅಂಕವಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಸರಣಿಯಲ್ಲಿ ನಿಮಗೆ ಹಿಡಿಸದ ಚಿತ್ರ ಯಾವುದಾದರೂ ಇದ್ದರೆ ಅದನ್ನು ತಳ್ಳಿಹಾಕುವ ಮುನ್ನ ಅದಕ್ಕೊಂದು ತಕ್ಕ ಜೋಡಿ ಹುಡುಕಿ ನೋಡಿ.