ಕರೆಯಲು ಹಸುವಿಲ್ಲ, ಬಟವಾಡೆ ಎಲ್ಲಿಂದ?

ಕಳೆದ ತಿಂಗಳು ಬರಡು ರಾಸುಗಳ ಚಿಕಿತ್ಸಾ ಶಿಬಿರದಲ್ಲಿ ಸಂಘದ ಸದಸ್ಯೆಯೊಬ್ಬರು ಮೊಬೈಲ್ ತೋರಿಸಿ ಕೇಳಿದರು: “ಡಾಕ್ಟ್ರೇ, ಇದು ಬ್ಲಾಕ್‌ಚೈನ್ ಅಂತೆ. ಲೆಕ್ಕ ಯಾರೂ ತಿದ್ದೋಕಾಗಲ್ವಂತೆ. ಬಟವಾಡೆ ದುಡ್ಡು ಹಾಕು ಅಂತ ನಾದಿನಿ ಹೇಳ್ತಿದ್ದಾಳೆ. ಇಲ್ಲ ಅನ್ನೋದು ಹೇಗೆ?”

ತಾಯಂದಿರೇ, ಬ್ಲಾಕ್‌ಚೈನ್ ಎಂದರೆ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರತಿ ಇರುವ ಲೆಕ್ಕದ ಪುಸ್ತಕ. ಯಾರು ಬೇಕಾದರೂ ತೆರೆದು ನೋಡಬಹುದು, ಬರೆದದ್ದನ್ನು ತಿದ್ದುವುದು ಬಹಳ ಕಷ್ಟ. ಆದರೆ ಪುಸ್ತಕ ಸರಿಯಿದ್ದ ಮಾತ್ರಕ್ಕೆ ವ್ಯವಹಾರ ಸರಿ ಇರಬೇಕೆಂದಿಲ್ಲ. ಹೊರದೇಶದ ಒಂದು ಪ್ರಕರಣ ಕೇಳಿ.

2020ರ ಜನವರಿಯಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲೆ ‘ಫೋರ್ಸೇಜ್’ ಎಂಬ ಯೋಜನೆ ಶುರುವಾಯಿತು. ಸೇರುವವರು ‘ಸ್ಲಾಟ್’ ಕೊಳ್ಳಬೇಕು. ಕೊಂಡ ಕೂಡಲೇ ಆ ಹಣ ಮೊದಲು ಸೇರಿದವರಿಗೆ ತಾನಾಗಿ ಹೋಗುತ್ತಿತ್ತು. ಮಾರಲು ಸರಕಿಲ್ಲ, ಕರೆಯಲು ಹಸುವಿಲ್ಲ.

ಇಥೀರಿಯಂನಲ್ಲಿ ಪ್ರತಿ ವಹಿವಾಟಿಗೂ ‘ಗ್ಯಾಸ್’ ಎಂಬ ಶುಲ್ಕವಿದೆ. ನೂಕುನುಗ್ಗಲಾದರೆ ಹೆಚ್ಚು ಕೊಟ್ಟವರದೇ ಮೊದಲು. 2020ರ ಮಧ್ಯದಲ್ಲಿ ಅಲ್ಲಿ ಅತಿ ಹೆಚ್ಚು ಗ್ಯಾಸ್ ಬಳಸುತ್ತಿದ್ದ ಯೋಜನೆಗಳಲ್ಲಿ ಫೋರ್ಸೇಜ್ ಕೂಡ ಒಂದು. ಡೇರಿ ಮುಂದೆ ಖಾಲಿ ಕ್ಯಾನ್ ಹಿಡಿದು ನೂರು ಜನ ಸಾಲು ನಿಂತರೆ ಹಾಲು ತಂದವರು ಕಾಯಬೇಕಾಗುತ್ತದಲ್ಲ, ಹಾಗೆ ಉಳಿದವರಿಗೂ ಶುಲ್ಕದ ಹೊರೆ ಬಿತ್ತು.

2022ರ ಆಗಸ್ಟ್‌ನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ 11 ಜನರ ಮೇಲೆ ದಾವೆ ಹೂಡಿತು. ಸಂಗ್ರಹಿಸಿದ ಹಣ 30 ಕೋಟಿ ಡಾಲರ್‌ಗೂ ಹೆಚ್ಚು ಎಂಬುದು ಅದರ ಆರೋಪ. 2023ರಲ್ಲಿ ನಾಲ್ವರು ಸ್ಥಾಪಕರ ಮೇಲೆ ಕ್ರಿಮಿನಲ್ ದೋಷಾರೋಪವಾಯಿತು. ತನಿಖೆಯಲ್ಲಿ ಅದೇ ತೆರೆದ ಪುಸ್ತಕವನ್ನು ಜಾಲಾಡಿದಾಗ ಕಂಡದ್ದು: ಇಥೀರಿಯಂ ಯೋಜನೆಯಲ್ಲಿ ಶೇ. 80ಕ್ಕೂ ಹೆಚ್ಚು ಜನಕ್ಕೆ ಹಾಕಿದ್ದಕ್ಕಿಂತ ಕಡಿಮೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಒಮ್ಮೆಯೂ ಏನೂ ಬಂದಿರಲಿಲ್ಲ.

ರಾಸು ಸತ್ತ ಮೇಲೆ ಮರಣೋತ್ತರ ಪರೀಕ್ಷೆ ಮಾಡಿದರೆ ಕಾರಣ ತಿಳಿಯುತ್ತದೆ, ರಾಸು ಎದ್ದು ಬರುವುದಿಲ್ಲ. ತೆರೆದ ಪುಸ್ತಕವೂ ಅಷ್ಟೇ.

ಆ ಸದಸ್ಯೆಗೆ ನಾನು ಹೇಳಿದ್ದು ಇಷ್ಟು: “ನಾದಿನಿ ಮೇಲೆ ಸಿಟ್ಟಾಗಬೇಡಿ. ಅವರಿಗೂ ಯಾರೋ ನಂಬಿದವರೇ ಹೇಳಿರ್ತಾರೆ. ದುಡ್ಡು ಎಲ್ಲಿಂದ ಬರುತ್ತೆ ಅಂತ ಒಂದೇ ಮಾತು ಕೇಳಿ.” ನಮ್ಮ ಬಟವಾಡೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕದಲ್ಲಿ ಬರುತ್ತದೆ, ಹಾಲು ಕೊಂಡವರು ಕೊಟ್ಟ ಹಣ ಅದು. “ಇನ್ನಿಬ್ಬರನ್ನು ಸೇರಿಸು, ಆಮೇಲೆ ಬರುತ್ತೆ” ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ.

ಈಗಾಗಲೇ ಹಣ ಹಾಕಿ ಮೋಸ ಹೋಗಿದ್ದರೆ ನಾಚಿಕೆ ಬೇಡ. ತಡಮಾಡದೆ 1930ಕ್ಕೆ ಕರೆ ಮಾಡಿ. ಪಾವತಿಯ ಸಂದೇಶಗಳನ್ನು ಅಳಿಸಬೇಡಿ.